ಐಕ್ಯದ ಭಾನುವಾರಕ್ಕೆ ಎರಡು ಪಾತ್ರೆ

ನಾನು ಅಜ್ಜಿಯಾಗಿದ್ದೇನೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಹೇಳದೆ ಬೇರೆ ಯಾವ ಮಾತೂ ನನ್ನ ಬಾಯಿಂದ ಹೊರಡುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ರೇಷನ್ ಅಂಗಡಿಯ ಪಾಳಿಯಲ್ಲಿ ಹೇಳಿದ್ದೇನೆ, ಹಿಟ್ನಾಳದ ಕ್ರಾಸಿನಲ್ಲಿ ಮಿರ್ಚಿ ಕರಿಯುವವಳಿಗೂ ಹೇಳಿದ್ದೇನೆ. ಅವಳ ಬಾಣಲೆಯಲ್ಲಿ ಮಿರ್ಚಿ ಕರ್ರಗಾದವು, ನನ್ನ ಮಾತು ಮುಗಿಯಲಿಲ್ಲ. ನನ್ನ ಗಂಡ ನನ್ನನ್ನು ಎಬ್ಬಿಸಿಕೊಂಡು ಹೋಗಬೇಕಾಯಿತು. ಮೊಮ್ಮಗಳು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದನ್ನು ನಾನು ಆಕೆಗೆ ಇನ್ನೂ ಹೇಳಿರಲಿಲ್ಲ.

ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬೈಬಲ್ಲು, ಕೀರ್ತನೆ ಪುಸ್ತಕ ಬಿಟ್ಟರೆ ಹೆಚ್ಚು ಓದಿದವಳಲ್ಲ. ಆದರೂ ಈ ಕೂಸಿನ ದೀಕ್ಷಾಸ್ನಾನದ ದಿನ ನಮ್ಮ ಚರ್ಚಿನಲ್ಲಿ ಆದದ್ದನ್ನು ಬರೆದಿಡದಿದ್ದರೆ ನಮ್ಮ ಕಮಿಟಿಯವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಈಗಾಗಲೇ ತಿರುಗುತ್ತಿದ್ದಾರೆ.

ನಮ್ಮೂರು ಗಂಗಾವತಿಯಿಂದ ಕಾಲುವೆ ಹಿಡಿದು ಹೋದರೆ ಸಿಗುತ್ತದೆ. ಊರಿಗೆ ಒಂದೇ ಚರ್ಚು, ಅದರೊಳಗೆ ಎರಡು ಸಭೆ. ಕಾಲುವೆಗೆ ನೀರು ಬಂದಾಗ ಭತ್ತ ಬೆಳೆಯಲು ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ಮಂದಿ ಒಂದು ಕಡೆ. ಅವರು ಬರುವಾಗ ಬೈಬಲ್ ತಂದರು, ಅದೇ ಗಂಟಿನಲ್ಲಿ ತಮ್ಮ ಜಾತಿಯನ್ನೂ ಕಟ್ಟಿಕೊಂಡು ಬಂದರು. ಇನ್ನೊಂದು ಕಡೆ ನಾವು, ಈ ಊರಿನ ಕೇರಿಯವರು. ಮುತ್ತಜ್ಜನ ಕಾಲದಲ್ಲಿ ಕೇರಿಗೆ ಕೇರಿಯೇ ಕ್ರೈಸ್ತರಾದವರು. ಅಂದು ಎಲ್ಲರ ತಲೆಯ ಮೇಲೆ ನೀರು ಬಿತ್ತು, ಜಾತಿ ಮಾತ್ರ ತೊಯ್ಯಲಿಲ್ಲ.

ಚರ್ಚಿನಲ್ಲಿ ಬಲಗಡೆ ಬಿಳಿ ಕುರ್ಚಿ, ಎಡಗಡೆ ನೀಲಿ ಕುರ್ಚಿ. ಮೊದಲು ಎಲ್ಲರೂ ಚಾಪೆಯ ಮೇಲೆ ಕೂಡುತ್ತಿದ್ದೆವು. ಕ್ಯಾಂಪಿನವರು ದೇವರ ಮಹಿಮೆಗೆಂದು ಬಿಳಿ ಕುರ್ಚಿ ಕೊಟ್ಟರು. ದೇವರ ಮಹಿಮೆ ಅವರ ಕಡೆಗಷ್ಟೇ ಸಾಕಾಗುವಷ್ಟಿತ್ತು. ಕೆಲವು ವರ್ಷ ಬಿಟ್ಟು ನಾವೂ ಕೂಡಿಸಿ ಕುರ್ಚಿ ತಂದೆವು. ಆಗಿನ ಪಾದ್ರಿಯವರು, ನೀವೂ ಬಿಳಿಯವನ್ನೇ ತನ್ನಿ, ನೋಡಲು ಚೆಂದ ಎಂದರು. ನಮ್ಮವರು ಬೇಕೆಂದೇ ನೀಲಿ ತಂದರು. ಬಿಳಿ ತಂದರೆ ಅವರವುಗಳಲ್ಲಿ ಕೂಡಿಹೋಗುತ್ತವೆ, ನಮ್ಮವು ಯಾವವು ಎಂದು ಆಮೇಲೆ ಹೇಗೆ ಗುರುತಿಸುವುದು? ಹಾಗೆ ಬಲಕ್ಕೊಂದು ಬಣ್ಣ, ಎಡಕ್ಕೊಂದು ಬಣ್ಣ, ನಡುವೆ ಒಂದು ದಾರಿ. ನಮ್ಮ ನೀಲಿ ಕುರ್ಚಿಗಳೊಳಗೂ ಮುಂದಿನ ಸಾಲು ಯಾರದು, ಹಿಂದಿನ ಸಾಲು ಯಾರದು ಎಂಬುದಿದೆ. ಅದನ್ನು ಇಲ್ಲಿ ಬರೆದರೆ ತಳಕಲ್ಲಿನ ನನ್ನ ತವರಿನವರು ಮುಂದಿನ ಸಲ ನನಗೆ ರೊಟ್ಟಿ ಹಾಕುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ.

ಎರಡೂ ಬಣ್ಣ ಕೂಡುತ್ತಿದ್ದ ಜಾಗ ಒಂದೇ, ಹಾಡಿನ ತಂಡ. ಯಾಕೆಂದರೆ ಕೀಬೋರ್ಡ್ ಒಂದೇ ಇತ್ತು. ಕ್ಯಾಂಪಿನ ಹಿರಿಯರ ಮಗ ಅದನ್ನು ಬಾರಿಸುತ್ತಿದ್ದ, ನನ್ನ ಮಗಳು ಹಾಡುತ್ತಿದ್ದಳು. ಕ್ರಿಸ್ಮಸ್ಸಿನ ಹಾಡುಗಳನ್ನು ದೀಪಾವಳಿಗೆ ಮೊದಲೇ ಕಲಿಯಲು ಶುರು ಮಾಡಿದಾಗಲೇ ನನಗೆ ಅನುಮಾನ ಬಂದಿತ್ತು. ಗಂಗಾವತಿಯಲ್ಲಿ ರಿಜಿಸ್ಟರ್ ಮದುವೆಯಾದರು. ಅಲ್ಲೇ ಬಾಡಿಗೆ ಮನೆ ಮಾಡಿದರು. ಅಳಿಯ ರೈಸ್ ಮಿಲ್ಲಿನಲ್ಲಿ ಮಶೀನು ನೋಡಿಕೊಳ್ಳುತ್ತಾನೆ, ಮಗಳು ಸಣ್ಣ ಮಕ್ಕಳ ಸಾಲಿಯಲ್ಲಿ ಕಲಿಸುತ್ತಾಳೆ. ಅತ್ತ ಬೀಗರು, ಅಂದರೆ ಅಳಿಯನ ಅಪ್ಪ, ಮಗನ ಹೆಸರು ಎತ್ತುವುದನ್ನು ಬಿಟ್ಟರು. ಭಾನುವಾರ ಭಾನುವಾರ ಬಿಳಿ ಕುರ್ಚಿಯ ಮುಂದಿನ ಸಾಲಿನಲ್ಲಿ ಕೂತು, ಎಲ್ಲ ಜನಾಂಗಗಳ ಉದ್ಧಾರಕ್ಕಾಗಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುವುದನ್ನು ಮಾತ್ರ ಬಿಡಲಿಲ್ಲ. ಅವರ ಪ್ರಾರ್ಥನೆಯಲ್ಲಿ ಆಫ್ರಿಕಾ ಬರುತ್ತಿತ್ತು, ಚೀನಾ ಬರುತ್ತಿತ್ತು. ಗಂಗಾವತಿ ಬರುತ್ತಿರಲಿಲ್ಲ.

ಕೂಸು ಹುಟ್ಟಿತು. ಆಸ್ಪತ್ರೆಯಲ್ಲಿ ನರ್ಸ್ ಅದನ್ನು ನನ್ನ ಕೈಗೆ ಕೊಟ್ಟಾಗ ನಾನು ಏನೇನು ಹೇಳಿದೆನೋ ನನಗೆ ನೆನಪಿಲ್ಲ. ಪಕ್ಕದ ಮಂಚದ ಬಾಣಂತಿಯ ಅವ್ವ ಮಾತ್ರ ನನಗೆ ನೀರು ಕುಡಿಸಿ ಕೂಡಿಸಿದಳು. ಮರುದಿನ ಬೀಗತಿ ಬಂದರು. ತಾನು ಬಂದದ್ದು ಬಿಪಿ ಗುಳಿಗೆ ಬರೆಸಲು, ದಾರಿಯಲ್ಲಿ ಈ ವಾರ್ಡು ಸಿಕ್ಕಿತು ಎಂದು ಯಾರೂ ಕೇಳದಿದ್ದರೂ ಹೇಳಿದರು. ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿದರು. ಒಳಗೆ ಬರ್ರಿ ಎಂದೆ. ಇಲ್ಲ, ಬಸ್ಸಿಗೆ ಹೊತ್ತಾಯಿತು ಎಂದರು. ಬಾಗಿಲಿನಿಂದ ಬಸ್ಸಿಗೆ ಹೋಗಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಬೀಗರು ಬರಲಿಲ್ಲ.

ಈಗ ನಮ್ಮ ಚರ್ಚಿನ ಸುತ್ತಿನ ವಿಷಯ ಹೇಳಬೇಕು. ಬೇರೆ ಕಡೆ ಇದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮಲ್ಲಿ ಪಾದ್ರಿ ಕೂಸಿನ ತಲೆಗೆ ನೀರು ಹಾಕಿದ ಮೇಲೆ ಅದನ್ನು ಕೂಡಲೇ ತಾಯಿಗೆ ಕೊಡುವುದಿಲ್ಲ. ಮೊದಲ ಕುರ್ಚಿಯಲ್ಲಿ ಕೂತವರ ಮಡಿಲಿಗೆ ಕೊಡುತ್ತಾರೆ. ಅವರು ಹಣೆಗೆ ಮುತ್ತು ಕೊಟ್ಟು, ಒಂದು ಒಳ್ಳೆಯ ಮಾತು ಹೇಳಿ ಪಕ್ಕದವರ ಮಡಿಲಿಗೆ ದಾಟಿಸುತ್ತಾರೆ. ನಿಂತು ತೆಗೆದುಕೊಳ್ಳುವ ಹಾಗಿಲ್ಲ. ಕೂಸು ಕೈಜಾರಬಾರದೆಂದು ಕೂತೇ ತೆಗೆದುಕೊಳ್ಳಬೇಕು. ಹೀಗೆ ಸಾಲಿನಿಂದ ಸಾಲಿಗೆ ಹೋಗಿ ಕಡೆಗೆ ತಾಯಿಯ ಹತ್ತಿರ ಬರುತ್ತದೆ. ಇಡೀ ಸಭೆ ಈ ಕೂಸನ್ನು ತನ್ನದೆಂದು ಹಿಡಿಯಿತು ಎಂದು ಅದರ ಅರ್ಥ. ಕ್ಯಾಂಪಿನ ಕೂಸು ಬಿಳಿ ಕುರ್ಚಿಗಳಲ್ಲಿ ಸುತ್ತುತ್ತದೆ, ಕೇರಿಯ ಕೂಸು ನೀಲಿ ಕುರ್ಚಿಗಳಲ್ಲಿ. ಇಡೀ ಸಭೆ ಎಂದರೆ ಅಷ್ಟೇ. ಇದನ್ನು ಯಾರೂ ನಿಯಮ ಮಾಡಿಲ್ಲ, ಯಾರೂ ಮುರಿದೂ ಇಲ್ಲ.

ನನ್ನ ಮೊಮ್ಮಗಳು ಎರಡೂ ಕಡೆಯವಳು. ಅವಳು ಎಲ್ಲಿ ಸುತ್ತಬೇಕು?

ನನ್ನ ಮಗಳು ಈ ಪ್ರಶ್ನೆಯನ್ನು ಬಾಣಂತನದಲ್ಲೇ ಕೇಳಲು ಶುರು ಮಾಡಿದಳು. ಗಂಗಾವತಿಯ ಯಾವುದಾದರೂ ಚರ್ಚಿನಲ್ಲಿ ಸುಮ್ಮನೆ ಮಾಡಿಸಿಬಿಡೋಣ ಎಂದಳು. ನಾನು ಒಪ್ಪಲಿಲ್ಲ. ನನ್ನ ಮೊಮ್ಮಗಳು ಕದ್ದು ತಂದ ಕೂಸೇನು?

"ಅವ್ವಾ, ನಿನಗ ಖುಷಿಯೊಳಗ ಏನೂ ತಿಳಿಯಾಕತ್ತಿಲ್ಲ" ಎಂದಳು. "ನಮ್ಮ ಕಡಿ ಸುತ್ತು ಮುಗೀತು ಅಂತ ತಿಳಕೊ. ಆ ಕಡಿಯವ್ರು ಯಾರೂ ಕೈ ಚಾಚಲಿಲ್ಲ ಅಂದ್ರ? ಎಲ್ಲಾರ ಎದುರಿಗೆ ನನ್ನ ಕೂಸು ನಡುದಾರ್ಯಾಗ ನಿಂತ್ರ?"

ನನಗೆ ಆ ದಿನ ಊಟ ಸೇರಲಿಲ್ಲ. ಆದರೂ ಕೂಸು ಒಂದು ಸಲ ಆಕಳಿಸಿತು, ಮತ್ತೆ ಸಂತೋಷ ಬಂದುಬಿಟ್ಟಿತು. ನನ್ನ ಸ್ವಭಾವವೇ ಹಾಗೆ.

ಇದರ ನಡುವೆ ಐಕ್ಯದ ಭಾನುವಾರ ಬಂತು. ಇದನ್ನು ಹುಟ್ಟಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಬೀಗರು. ವಿಜಯವಾಡದ ಕಡೆ ಯಾವುದೋ ದೊಡ್ಡ ಕೂಟಕ್ಕೆ ಹೋಗಿದ್ದರಂತೆ. ಅಲ್ಲಿ ಸಭೆಯ ಐಕ್ಯದ ಬಗ್ಗೆ ಬೋಧನೆ ಕೇಳಿ ಎದೆ ತುಂಬಿ ಬಂತಂತೆ. ನಮ್ಮ ಸಭೆಯಲ್ಲೂ ಐಕ್ಯದ ಭಾನುವಾರ ಮಾಡಬೇಕು, ಕೊಪ್ಪಳದಿಂದ ದೊಡ್ಡ ಬೋಧಕರನ್ನು ಕರೆಸಬೇಕು, ಬ್ಯಾನರ್ ಹಾಕಬೇಕು, ಪ್ರೇಮಭೋಜನ ಇಡಬೇಕು ಎಂದು ಕಮಿಟಿಯಲ್ಲಿ ಹೇಳಿದರು. ನನ್ನ ಗಂಡನೂ ನೀಲಿ ಕುರ್ಚಿಯ ಪರವಾಗಿ ಕಮಿಟಿಯಲ್ಲಿದ್ದಾನೆ. ಬೀಗರು ಐಕ್ಯದ ಬಗ್ಗೆ ಒಂದು ತಾಸು ಮಾತಾಡಿದರು, ನನ್ನ ಕಡೆ ಒಮ್ಮೆಯೂ ನೋಡಲಿಲ್ಲ ಎಂದು ಮನೆಗೆ ಬಂದು ಹೇಳಿದ.

ಆ ದಿನ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನವೂ ಇರಬೇಕು, ಅದೂ ಒಂದೇ ಪಾತ್ರೆಯಿಂದ ಎಂದು ಠರಾವಾಯಿತು. ಮೊದಲು ನಮ್ಮಲ್ಲಿ ದ್ರಾಕ್ಷಾರಸ ಒಂದೇ ಪಾತ್ರೆಯಲ್ಲಿ ಬರುತ್ತಿತ್ತು. ಬಿಳಿ ಕುರ್ಚಿಯಲ್ಲಿ ಶುರುವಾಗಿ ನೀಲಿ ಕುರ್ಚಿಯಲ್ಲಿ ಮುಗಿಯುತ್ತಿತ್ತು. ಕರೋನಾ ಬಂದಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಪ್ಲಾಸ್ಟಿಕ್ ಲೋಟ ಬಂದವು. ಕರೋನಾ ಹೋಯಿತು, ಲೋಟ ಹೋಗಲಿಲ್ಲ. ಕೆಲವರಿಗೆ ಆ ರೋಗದಲ್ಲಿ ಸಿಕ್ಕ ನೆಮ್ಮದಿ ಸುವಾರ್ತೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಈಗ ಮತ್ತೆ ಒಂದೇ ಪಾತ್ರೆ ಎಂದ ಕೂಡಲೇ ಪ್ರಶ್ನೆ ಎದ್ದಿತು: ಮೊದಲು ಯಾರು ಕುಡಿಯಬೇಕು? ಹಳೆಯ ಪದ್ಧತಿಯಂತೆ ನಾವು ಎಂದರು ಕ್ಯಾಂಪಿನವರು. ಐಕ್ಯ ಎಂದ ಮೇಲೆ ಈ ಸಲ ನಾವು ಎಂದರು ನಮ್ಮವರು. ನೀವು ಕುಡಿದ ಮೇಲೆ ನಾವೇ, ಎಂದು ಕ್ಯಾಂಪಿನ ಒಬ್ಬರು ಅರ್ಧ ಮಾತಾಡಿ ಉಳಿದ ಅರ್ಧವನ್ನು ನುಂಗಿದರು. ನುಂಗಿದ್ದೇ ಎಲ್ಲರಿಗೂ ಜೋರಾಗಿ ಕೇಳಿಸಿತು. ಕಮಿಟಿ ಮೂರು ವಾರ ಇದರ ಮೇಲೇ ಕೂತಿತು. ಕುಷ್ಟಗಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಎಳೆಯ ಪಾದ್ರಿ, ಪ್ರಾರ್ಥನೆ ಮಾಡೋಣ, ಪ್ರಾರ್ಥನೆ ಮಾಡೋಣ ಎನ್ನುತ್ತ ತೆಳ್ಳಗಾದರು.

ಕಡೆಗೆ ಎಲ್ಲರಿಗೂ ಒಪ್ಪುವ ದಾರಿ ಸಿಕ್ಕಿತು. ಗಂಗಾವತಿಯ ಪಾತ್ರೆ ಅಂಗಡಿಗೆ ಹೋಗಿ ಎರಡು ಹಿತ್ತಾಳೆ ಪಾತ್ರೆ ತಂದರು. ಒಂದೇ ಅಚ್ಚು, ಒಂದೇ ಎತ್ತರ, ಒಂದರ ಪಕ್ಕ ಒಂದು ಇಟ್ಟರೆ ಯಾವುದು ಯಾವುದೆಂದು ತಿಳಿಯಬಾರದು. ಒಂದು ಬಿಳಿ ಕುರ್ಚಿಗೆ, ಒಂದು ನೀಲಿ ಕುರ್ಚಿಗೆ, ಇಬ್ಬರೂ ಒಂದೇ ಹೊತ್ತಿಗೆ ಕುಡಿಯಬೇಕು. ನಾನು ಗಂಡನನ್ನು ಕೇಳಿದೆ, ಇದರಲ್ಲಿ ಐಕ್ಯ ಎಲ್ಲಿ ಬಂತು ಎಂದು.

"ಎರಡೂ ಒಂದ ನಮೂನಿ ಅದಾವಲ್ಲ" ಎಂದ. ಪಾಪ, ನಿಜವಾಗಿ ನಂಬಿದ್ದ.

"ಹಂಗಾದ್ರ ಕೂಸಿಗೆ ಏನು ಮಾಡ್ತೀರಿ? ಅದೂ ಒಂದ ನಮೂನಿದು ಇನ್ನೊಂದು ತರ್ತೀರೇನು ಅಂಗಡಿಂದ?"

ಅವನು ಎಮ್ಮೆಗೆ ಮೇವು ಹಾಕಲು ಹೋದ. ಮೇವು ಆಗಲೇ ಹಾಕಿತ್ತು.

ನಾನೇ ಪಾದ್ರಿಯವರ ಮನೆಗೆ ಹೋಗಿ, ಐಕ್ಯದ ಭಾನುವಾರದಂದೇ ನನ್ನ ಮೊಮ್ಮಗಳ ದೀಕ್ಷಾಸ್ನಾನ, ಎರಡೂ ಕಡೆ ಸುತ್ತು ಆಗಬೇಕು ಎಂದು ಹೇಳಿ ಬಂದೆ. ಅವರು ಕಮಿಟಿಗೆ ಹೇಳಿದರು. ಕಮಿಟಿಯವರಿಗೆ ಇದ್ದಕ್ಕಿದ್ದ ಹಾಗೆ ಕೂಸಿನ ಆರೋಗ್ಯದ ಚಿಂತೆ ಹತ್ತಿತು. ಅಷ್ಟು ಮಂದಿಯ ಕೈಗೆ ಹೋದರೆ ಎಳೆಗೂಸಿಗೆ ಸೋಂಕು ತಗಲುತ್ತದೆ, ಈ ಸಲ ಸುತ್ತು ಬೇಡ ಎಂದರು. ಬೀಗರು ಪರವೂ ಮಾತಾಡಲಿಲ್ಲ, ವಿರೋಧವೂ ಮಾತಾಡಲಿಲ್ಲ. ಮೇಜಿನ ಮೇಲಿದ್ದ ಆ ಎರಡು ಪಾತ್ರೆಗಳನ್ನು ನೋಡುತ್ತ ಕೂತಿದ್ದರಂತೆ. ಆಗ ನನ್ನ ಗಂಡನಿಗೆ ಎಲ್ಲಿಂದ ಧೈರ್ಯ ಬಂತೋ, ಸುತ್ತು ಇಲ್ಲದಿದ್ದರೆ ನೀಲಿ ಕುರ್ಚಿಯವರು ಯಾರೂ ಬರುವುದಿಲ್ಲ, ಬ್ಯಾನರ್ ಕೆಳಗೆ ನೀವೇ ನೀವೇ ಐಕ್ಯ ಮಾಡಿಕೊಳ್ಳಿ ಎಂದನಂತೆ. ಕೊಪ್ಪಳದ ಬೋಧಕರ ಎದುರು ಅರ್ಧ ಚರ್ಚು ಖಾಲಿ ಇದ್ದರೆ ಹೇಗೆ? ಸುತ್ತು ಇರಲಿ ಎಂದರು.

ಆ ಭಾನುವಾರ ಬೆಳಿಗ್ಗೆ ನಾನು ಕೂಸಿಗೆ ಎರೆದು, ಬಿಳಿ ಅಂಗಿ ತೊಡಿಸಿ, ತಲೆಗೆ ಕುಲಾಯಿ ಕಟ್ಟಿ ಸಿಂಗರಿಸಿದ್ದನ್ನು ಬರೆಯಲು ಹೊರಟರೆ ಕಾಗದ ಮುಗಿಯುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ: ಅಷ್ಟು ಚೆಂದದ ಕೂಸು ಕೊಪ್ಪಳ ಜಿಲ್ಲೆಯಲ್ಲಿ ಆ ದಿನ ಇನ್ನೊಂದು ಇರಲಿಲ್ಲ. ನನ್ನ ಮಗಳು ಕೂಸಿನ ಬಾಟಲಿ ಮರೆತಳು, ಜಡೆಗೆ ಹೂ ಮುಡಿಯುವುದನ್ನು ಮರೆತಳು. ಅಳಿಯ ಹೆಂಡತಿಯ ಕೈ ಹಿಡಿದುಕೊಂಡೇ ಚರ್ಚಿನೊಳಗೆ ಬಂದ. ಇಬ್ಬರೂ ಯಾವ ಕಡೆಯೂ ಕೂಡದೆ ಮುಂದೆ ನಿಂತರು.

ಹೊರಗೆ ಬೇವಿನ ಗಿಡದ ಕೆಳಗೆ ಅಡಿಗೆ ನಡೆದಿತ್ತು. ಅಡಿಗೆಗೆ ಗಂಗಾವತಿಯಿಂದ ಸಾಬರನ್ನು ಕರೆಸಿದ್ದರು. ಕೇರಿಯವರು ಮಾಡಿದ್ದನ್ನು ಕ್ಯಾಂಪಿನವರು ಉಣ್ಣುವುದಿಲ್ಲ. ಕ್ಯಾಂಪಿನವರು ಮಾಡಿದರೆ ನಮ್ಮವರು ಸಿಟ್ಟಿಗೆ ಉಣ್ಣುವುದಿಲ್ಲ. ಕ್ರೈಸ್ತರ ಪ್ರೇಮಭೋಜನಕ್ಕೆ ಬಿರಿಯಾನಿ ಬೇಯಿಸಲು ಮುಸಲ್ಮಾನರೇ ಬೇಕಾದರು. ಹಂಡೆ ಒಂದೇ ಇಡಲೋ ಎರಡೋ ಎಂದು ಸಾಬರು ಕಮಿಟಿಯವರನ್ನು ಕೇಳಿದರಂತೆ. ಹಂಡೆ ಒಂದೇ ಇರಲಿ, ಬಡಿಸುವ ಮೇಜು ಎರಡು ಎಂದರಂತೆ. ಸಾಬರು, ಹಾಗಾದರೆ ನಮ್ಮ ಓಣಿಯ ಮದುವೆಗಳಿಗೂ ನಿಮ್ಮದಕ್ಕೂ ಏನೂ ಫರಕು ಇಲ್ಲ ಬಿಡಿ ಎಂದು ನಕ್ಕು ಒಲೆ ಊದಿದರಂತೆ.

ಕೊಪ್ಪಳದ ಬೋಧಕರು ಚೆನ್ನಾಗಿ ಮಾತಾಡಿದರು. ಯಾವುದೋ ದೂರದ ದೇಶದಲ್ಲಿ ಬಿಳಿಯರ ಚರ್ಚು ಬೇರೆ, ಕರಿಯರ ಚರ್ಚು ಬೇರೆ ಇತ್ತಂತೆ. ಒಂದು ದಿನ ಎರಡೂ ಸಭೆಯವರು ಒಂದಾಗಿ, ಒಬ್ಬರ ಕಾಲು ಒಬ್ಬರು ತೊಳೆದು, ತಬ್ಬಿಕೊಂಡು ಅತ್ತರಂತೆ. ಕೇಳುತ್ತ ಕೇಳುತ್ತ ಬಿಳಿ ಕುರ್ಚಿಯವರು ಕಣ್ಣು ಒರೆಸಿಕೊಂಡರು, ನೀಲಿ ಕುರ್ಚಿಯವರೂ ಒರೆಸಿಕೊಂಡರು. ಆ ದೇಶದ ಬಿಳಿಯರು ಎಂಥ ಕಲ್ಲುಮನಸ್ಸಿನವರು ಎಂದು ನನ್ನ ಹಿಂದೆ ಕೂತವಳು ನಿಟ್ಟುಸಿರು ಬಿಟ್ಟಳು. ನಮ್ಮ ಬೀಗರು ಎಲ್ಲರಿಗಿಂತ ಜೋರಾಗಿ ಹಲ್ಲೆಲೂಯಾ ಎಂದರು. ಅಷ್ಟು ದೂರದ ಕರಿಯರ ಮೇಲೆ ಅವರಿಗಿದ್ದ ಪ್ರೀತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೊಮ್ಮಗಳು ಇನ್ನಷ್ಟು ದೂರ ಹುಟ್ಟಬೇಕಾಗಿತ್ತು.

ಪಾದ್ರಿ ಕೂಸಿನ ತಲೆಗೆ ನೀರು ಹಾಕಿದರು. ಕೂಸು ಅಳಲಿಲ್ಲ, ತುಟಿ ಚಪ್ಪರಿಸಿತು. ಆಮೇಲೆ ಪಾದ್ರಿ ಕೂಸನ್ನು ಹಿಡಿದು ನಿಂತರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಕಮಿಟಿಯ ಕಡೆ ನೋಡಿದರು. ಕಮಿಟಿಯವರು ಬ್ಯಾನರಿನ ಕಡೆ ನೋಡಿದರು. ಅಷ್ಟರಲ್ಲಿ ನಾನು ಮೊದಲ ನೀಲಿ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿಬಿಟ್ಟಿದ್ದೆ. ಪಾದ್ರಿಗೆ ಪ್ರಾಣ ಬಂದ ಹಾಗಾಗಿ ನನ್ನ ಮಡಿಲಿಗೆ ಕೊಟ್ಟರು.

ನಮ್ಮ ಕಡೆ ಸುತ್ತು ಸರಾಗ ಹೋಯಿತು. ಕೂಸು ಹಿಂದೆ ಹಿಂದೆ ಹೋದ ಹಾಗೆ ನನ್ನ ಕತ್ತೂ ಹಿಂದೆ ಹಿಂದೆ ತಿರುಗಿತು. ಕಡೆಯ ಸಾಲಿನ ಕಡೆಯ ಕುರ್ಚಿಯಲ್ಲಿ ನಮ್ಮ ಕೇರಿಯ ಒಬ್ಬ ಮುದುಕಿ ಕೂತಿದ್ದಳು. ಅವಳು ಮುತ್ತು ಕೊಟ್ಟು, ನಡುದಾರಿಯ ಆಚೆಗೆ ಕೂಸನ್ನು ಚಾಚಿದಳು.

ಆಚೆ ಬಿಳಿ ಕುರ್ಚಿಯಲ್ಲಿ ಕೂತಿದ್ದವಳು ಕೀರ್ತನೆ ಪುಸ್ತಕ ತೆರೆದಳು. ಅವಳ ಪಕ್ಕದವಳೂ ತೆರೆದಳು. ಆ ಸಾಲಿಗೆ ಸಾಲೇ ಆ ಗಳಿಗೆಯಲ್ಲಿ ಯಾವುದೋ ಹಾಡು ಹುಡುಕುವುದರಲ್ಲಿ ಮುಳುಗಿತು. ಅಂಥ ಭಕ್ತಿಯನ್ನು ನಾನು ನಮ್ಮ ಚರ್ಚಿನಲ್ಲಿ ಕಂಡಿರಲಿಲ್ಲ. ಮುದುಕಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೂಸು ನಡುದಾರಿಯ ಮೇಲೆ ನಿಂತಿತು. ಮುಂದೆ ನನ್ನ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಿಯ ಒಂದು ಹೆಜ್ಜೆ ಇಟ್ಟು ನಿಂತ. ಇಷ್ಟು ದಿನ ಸಂತೋಷದಲ್ಲಿ ಹಾರಾಡಿದವಳು ನಾನು. ಮಗಳು ಹೇಳಿದ್ದನ್ನು ಕೇಳಬೇಕಿತ್ತು ಎಂದು ಆಗ ಅನ್ನಿಸಿತು.

ಬಿಳಿ ಕುರ್ಚಿಯ ಮುಂದಿನ ಸಾಲಿನಿಂದ ಬೀಗತಿ ಎದ್ದರು. ಗಂಡನ ಮುಖ ನೋಡಲಿಲ್ಲ. ನಡುದಾರಿಯಲ್ಲಿ ಅಷ್ಟು ದೂರ ನಡೆದು ಬಂದರು. ನಿಂತು ತೆಗೆದುಕೊಳ್ಳುವ ಹಾಗಿಲ್ಲವಲ್ಲ, ಹತ್ತಿರ ಖಾಲಿ ಇದ್ದದ್ದು ಮುದುಕಿಯ ಮುಂದಿನ ಸಾಲಿನ ಕೆಲವು ಕುರ್ಚಿ, ಅವುಗಳಲ್ಲೊಂದರಲ್ಲಿ ಧಪ್ಪನೆ ಕೂತು ಕೂಸನ್ನು ಇಸಿದುಕೊಂಡರು. ಅದು ನೀಲಿ ಕುರ್ಚಿ. ಮುತ್ತು ಕೊಟ್ಟರು. ಒಂದಕ್ಕೆ ನಿಲ್ಲಲಿಲ್ಲ. ಆಮೇಲೆ ಕುಲಾಯಿ ಬಿಚ್ಚಿ ಹಣೆ ನೋಡಿದರು.

"ಅಯ್ಯೋ, ನಮ್ಮತ್ತಿ ಹಣಿ ಇದು" ಎಂದರು. "ಹಂಗ ಐತಿ ನೋಡ್ರಿ, ಅದೇ ಹಣಿ."

ಬೀಗತಿಯ ಅತ್ತೆ ಎಂದರೆ ಕ್ಯಾಂಪಿಗೆ ಮೊದಲು ಬಂದವರಲ್ಲಿ ಒಬ್ಬಳು. ಎಲ್ಲರೂ ಅವಳಿಗೆ ಹೆದರಿ ಬಾಳಿದ್ದರಂತೆ. ಅವಳ ಹಣೆ ವಾಪಸ್ಸು ಬಂದಿದೆ ಎಂದರೆ ನೋಡದೆ ಇರಲಾಗುತ್ತದೆಯೇ? ಒಬ್ಬಳು ಪುಸ್ತಕ ಮುಚ್ಚಿ ಎದ್ದಳು. ಇನ್ನೊಬ್ಬಳು ಎದ್ದಳು. ಹಣೆ ಹೌದು, ಕಿವಿ ಅಲ್ಲ ಎಂದಳು ಒಬ್ಬಳು. ಕಿವಿ ನಮ್ಮ ಕಡೆಯದು ಎಂದಳು ನಮ್ಮ ಮುದುಕಿ. ಕೂಸನ್ನು ಹಿಡಿದು ನೋಡುವವರು ಕೂರಬೇಕು, ಕೂರಲು ಅಲ್ಲಿದ್ದದ್ದು ನೀಲಿ ಕುರ್ಚಿ. ದೊಡ್ಡ ಬೋಧಕರ ಒಂದು ತಾಸಿನ ಬೋಧನೆ ಮಾಡದ ಕೆಲಸವನ್ನು ಸತ್ತುಹೋದ ಒಬ್ಬ ಗಯ್ಯಾಳಿ ಅತ್ತೆಯ ಹಣೆ ಮಾಡಿತು.

ಗದ್ದಲ ಹೆಚ್ಚಾಯಿತು. ಆರಾಧನೆಯ ಶಿಸ್ತು ಕಾಯುವುದು ಹಿರಿಯರ ಕೆಲಸವಾದ್ದರಿಂದ ಬೀಗರು ಎದ್ದು ಬಂದರು. ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಎಂದು ಗದರಿಸಲು ಬಾಯಿ ತೆರೆದರು. ಬೀಗತಿ ತಮ್ಮ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿದರು, ಅಷ್ಟೇ. ಅವರು ಅತ್ತಿತ್ತ ನೋಡಿ ಕೂತರು. ಕೂತವರ ಮಡಿಲಿಗೆ ಕೂಸು ಬರುವುದು ನಮ್ಮ ಚರ್ಚಿನ ಪದ್ಧತಿ. ಬಂತು.

ಇಷ್ಟು ಕೈಗಳಿಗೆ ಹೋಗಿ ಬೇಸತ್ತ ಕೂಸು ಅಷ್ಟು ಹೊತ್ತಿಗೆ ಅಳಲು ಶುರು ಮಾಡಿತ್ತು. ಬೀಗರು ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದವರ ಹಾಗೆ ಹಿಡಿದಿದ್ದರು. ಆಮೇಲೆ ಅವರಿಗೆ ನೆನಪಾಯಿತೋ ಏನೋ, ಎದೆಗೆ ಒರಗಿಸಿಕೊಂಡು ಬೆನ್ನು ಸವರಿದರು. ಕಿವಿಯಲ್ಲಿ ತೆಲುಗಿನಲ್ಲಿ ಏನೋ ಹೇಳಿದರು. ಆಫ್ರಿಕಾಕ್ಕೆ ಪ್ರಾರ್ಥಿಸುವ ದನಿಯಲ್ಲಲ್ಲ, ಬೇರೆ ದನಿಯಲ್ಲಿ. ಕೂಸು ಅಳು ನಿಲ್ಲಿಸಿ, ಅವರ ಅಂಗಿಯ ಗುಂಡಿ ಹಿಡಿದು ನಿದ್ದೆ ಹೋಯಿತು. ಬೀಗರು ಅಲುಗಾಡಲಿಲ್ಲ. ಉಸಿರನ್ನೂ ಸಣ್ಣಗೆ ಬಿಡುತ್ತಿದ್ದರು.

ಇನ್ನು ತಡ ಮಾಡಿದರೆ ಮತ್ತೇನು ಆಗುತ್ತದೋ ಎಂದು ಹೆದರಿ ಪಾದ್ರಿ ಪ್ರಭುಭೋಜನ ಶುರು ಮಾಡಿಬಿಟ್ಟರು. ರೊಟ್ಟಿ ಬಂತು. ಆಮೇಲೆ ಎರಡು ಪಾತ್ರೆ ಎರಡು ಕಡೆ ಹೊರಟವು. ನೀಲಿ ಕುರ್ಚಿಯ ಪಾತ್ರೆ ಹಿಡಿದವನು ನನ್ನ ಗಂಡ. ಸಾಲು ಸಾಲು ಕೊಡುತ್ತ ಬಂದವನು ಬೀಗರ ಮುಂದೆ ಬಂದು ನಿಂತ. ಮಕ್ಕಳ ಮದುವೆಯಾದಾಗಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ನಮ್ಮ ಕೇರಿಯ ಅಷ್ಟು ಮಂದಿಯ ಬಾಯಿ ತಗಲಿದ ಪಾತ್ರೆ. ಬೀಗರ ಪಾತ್ರೆ ಆಚೆ ಕಡೆ, ಅದೇ ಅಚ್ಚು, ಅದೇ ಎತ್ತರ, ಬಿಳಿ ಕುರ್ಚಿಗಳಲ್ಲಿ ಓಡಾಡುತ್ತಿತ್ತು.

"ಆ ಕಡಿ ಪಾತ್ರಿ ಬೇಕಂದ್ರ ಏಳಬೇಕಾಗ್ತದ್ರಿ ಬೀಗರ" ಎಂದ ನನ್ನ ಗಂಡ, ಮೆಲ್ಲಗೆ.

ಬೀಗರು ಕೂಸನ್ನು ನೋಡಿದರು. ಅದರ ಮುಷ್ಟಿ ಇನ್ನೂ ಗುಂಡಿ ಬಿಟ್ಟಿರಲಿಲ್ಲ.

"ಎದ್ರ ಎಚ್ಚರ ಆಕ್ಕಾಳ" ಎಂದರು. "ತರ್ರಿ ಇಲ್ಲೇ."

ಅವರ ಎರಡೂ ಕೈ ಕೂಸಿನ ಕೆಳಗಿದ್ದವು. ನನ್ನ ಗಂಡನೇ ಪಾತ್ರೆಯನ್ನು ಅವರ ತುಟಿಗೆ ಹಿಡಿದ. ಕುಡಿದರು. ನನ್ನ ಗಂಡ ಬಟ್ಟೆಯಿಂದ ಪಾತ್ರೆಯ ಅಂಚು ಒರೆಸಿ ಪಕ್ಕದವರಿಗೆ ಕೊಟ್ಟ. ಪ್ರತಿಯೊಬ್ಬರೂ ಕುಡಿದ ಮೇಲೆ ಒರೆಸುವುದು ಪದ್ಧತಿ. ಆದರೆ ಆ ಒಂದು ಸಲ ಅವನು ಸ್ವಲ್ಪ ಹೆಚ್ಚೇ ಒರೆಸಿದನೆಂದು ನಾನು ಇವತ್ತಿಗೂ ಅವನನ್ನು ಕಾಡಿಸುತ್ತೇನೆ. ಇಲ್ಲ ಎನ್ನುತ್ತಾನೆ.

ಊಟಕ್ಕೆ ಮೇಜು ಎರಡೇ ಇದ್ದವು, ಪಾಳಿ ಎರಡೇ ಇದ್ದವು. ಅದರಲ್ಲಿ ಏನೂ ಬದಲಾಗಲಿಲ್ಲ. ಮುಂದಿನ ಕಮಿಟಿಯಲ್ಲಿ ಐಕ್ಯದ ಭಾನುವಾರ ಬಹಳ ಯಶಸ್ವಿಯಾಯಿತು, ಅದಕ್ಕೆ ಎರಡು ಪಾತ್ರೆಯ ಏರ್ಪಾಡೇ ಕಾರಣ, ಇನ್ನು ಮುಂದೆ ಪ್ರತಿ ಭೋಜನಕ್ಕೂ ಹಾಗೆಯೇ ನಡೆಸಬೇಕು ಎಂದು ತೀರ್ಮಾನಿಸಿ ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡರು. ನಾನು ಹೇಳಿದೆನಲ್ಲ, ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ ಎಂದು.

ಬೀಗರು ಈಗ ವಾರಕ್ಕೆರಡು ಸಲ ಸ್ಕೂಟರ್ ಹತ್ತಿ ಗಂಗಾವತಿಗೆ ಹೋಗುತ್ತಾರೆ. ನಾನು ಹೋದಾಗ ಅವರಿದ್ದರೆ ನನಗೆ ಕೂಸು ಸಿಗುವುದಿಲ್ಲ. ಈಗಷ್ಟೇ ಮಲಗಿದಾಳೆ ಎನ್ನುತ್ತಾರೆ. ಕೂಸು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿರುತ್ತದೆ. ನಮ್ಮ ಮನೆಗೂ ಒಂದು ಸಲ ಬಂದರು. ಚಹಾ ಕುಡಿದರು, ಸಕ್ಕರೆ ಕಡಿಮೆಯಾಯಿತು ಎಂದರು. ಬೀಗರು ಎಂದ ಮೇಲೆ ಏನಾದರೂ ಕಡಿಮೆಯಾಯಿತು ಎನ್ನಲೇಬೇಕು. ನನಗೆ ಆ ಮಾತು ಕೇಳಿ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಕಪ್ಪು ಮಾಡಿದೆ. ಅದಕ್ಕೆ ಸಕ್ಕರೆ ಹೆಚ್ಚಾಯಿತು ಎಂದರು.

ಅವರ ರಕ್ತ, ಅವರ ಅವ್ವನ ಹಣೆ, ಅದಕ್ಕೆ ಹಿಡಿದರು ಎಂದು ನಮ್ಮ ಕೇರಿಯಲ್ಲಿ ಹೇಳುವವರಿದ್ದಾರೆ. ಸುಳ್ಳೇನಲ್ಲ. ಸಂತೋಷದಲ್ಲಿ ನನಗೆ ಕಣ್ಣು ಕಾಣುವುದಿಲ್ಲ ಎಂದುಕೊಳ್ಳಬೇಡಿ.

ಹೋದ ತಿಂಗಳು ನಮ್ಮ ಓಣಿಯ ಹಲಗೆ ಬಾರಿಸುವವರ ಮನೆಯ ಕೂಸಿಗೆ ದೀಕ್ಷಾಸ್ನಾನವಾಯಿತು. ಅದು ಎರಡು ಕಡೆಯಿಂದಲೂ ಕೇರಿಯ ಕೂಸು. ಅದರ ಹಣೆಯಲ್ಲಿ ಕ್ಯಾಂಪಿನ ಯಾವ ಅತ್ತೆಯೂ ಇಲ್ಲ. ಸುತ್ತು ನೀಲಿ ಕುರ್ಚಿಗಳಲ್ಲಿ ಹೋಯಿತು. ಕಡೆಯ ಕುರ್ಚಿಯಲ್ಲಿ ಅದೇ ಮುದುಕಿ. ಅವಳನ್ನು ಯಾರೂ ಕೇಳಿರಲಿಲ್ಲ, ಪದ್ಧತಿಯೂ ಅಲ್ಲ. ಆದರೂ ಕೂಸನ್ನು ನಡುದಾರಿಯ ಆಚೆಗೆ ಚಾಚಿದಳು. ಆಚೆ ಮತ್ತೆ ಕೀರ್ತನೆ ಪುಸ್ತಕಗಳು ತೆರೆದವು.

ಬೀಗತಿ ಮುಂದಿನ ಸಾಲಿನಿಂದ ಎದ್ದು ಬಂದು ಕೂಸನ್ನು ತೆಗೆದುಕೊಂಡರು. ಈ ಸಲ ಹಣೆ ನೋಡಲಿಲ್ಲ. ನೀಲಿ ಕುರ್ಚಿಯಲ್ಲೂ ಕೂರಲಿಲ್ಲ. ಮೊಣಕಾಲು ನೋವಿನ ಹೆಂಗಸು, ಕೂಸನ್ನು ತಾವೇ ಎತ್ತಿಕೊಂಡು ಬಿಳಿ ಕುರ್ಚಿಗಳ ಸಾಲಿನೊಳಗೆ ನುಗ್ಗಿದರು. ಒಬ್ಬೊಬ್ಬರ ಮುಂದೆಯೂ ನಿಂತು, ಪುಸ್ತಕ ಮುಚ್ಚುವ ತನಕ ಕಾದು, ಸಾಕು ಸಾಕು ಎನ್ನುವ ನೆಂಟರ ತಾಟಿಗೆ ಒತ್ತಾಯ ಮಾಡಿ ಅನ್ನ ಬಡಿಸುವ ಹಾಗೆ, ಆ ಕೂಸನ್ನು ಅವರ ಮಡಿಲಿಗೆ ಇಡುತ್ತ ಹೋದರು.